ಎಷ್ಟು ಎಳೆ ಬರುತ್ತದೆ, ಮೊದಲು ಹೇಳಿ: ಗಣಿತ ಮತ್ತು ಕಲೆಯ ನಂಟನ್ನು ಮಕ್ಕಳು ಕೈಯಾರೆ ಹುಡುಕಲು ಮಾರ್ಗದರ್ಶಿ

ಗಣಿತ ಮೇಳ ಹತ್ತಿರ ಬಂತೆಂದರೆ ನಮ್ಮ ಕಾಸರಗೋಡಿನ ಶಾಲೆಗಳ ಪಕ್ಕದ ಅಂಗಡಿಗಳಲ್ಲಿ ಚಾರ್ಟ್ ಪೇಪರ್ ಖಾಲಿ. ಜಿಯೊಮೆಟ್ರಿಕಲ್ ಚಾರ್ಟ್ ಸ್ಪರ್ಧೆಗೆ ಮಕ್ಕಳ ತಯಾರಿ ಅದು. ಕೆಲವು ವರ್ಷದ ಹಿಂದೆ ನನ್ನ ಎಂಟನೇ ಕ್ಲಾಸಿನ ಹುಡುಗನೊಬ್ಬ ಬಹಳ ಚಂದದ ಚಾರ್ಟ್ ಮಾಡಿಕೊಂಡು ಹೋಗಿದ್ದ. ವೃತ್ತದೊಳಗೆ ವೃತ್ತ, ಹನ್ನೆರಡು ಎಸಳು, ನಾಲ್ಕು ಬಣ್ಣ. ತೀರ್ಪುಗಾರರು ಬಂದು ಕೇಳಿದ್ದು ಒಂದೇ ಪ್ರಶ್ನೆ: "ಹನ್ನೆರಡೇ ಯಾಕೆ? ಹನ್ನೊಂದು ಯಾಕೆ ಮಾಡಲಿಲ್ಲ?"

"ಫೋನಲ್ಲಿ ಹಾಗೆ ಇತ್ತು ಸರ್."

ತಪ್ಪು ಹುಡುಗನದ್ದಲ್ಲ, ನನ್ನದು. ಚಿತ್ರ ಬಿಡಿಸು ಅಂತ ಹೇಳಿದ್ದೆ, ಪ್ರಶ್ನೆ ಕೊಟ್ಟಿರಲಿಲ್ಲ. ಗಣಿತ ಮತ್ತು ಕಲೆ ಎಂದು ಶಾಲೆಗಳಲ್ಲಿ ನಡೆಯುವ ಹೆಚ್ಚಿನ ಕೆಲಸ ಹೀಗೇ. ಗಣಿತಕ್ಕೆ ಬಣ್ಣ ಹಚ್ಚುತ್ತೇವೆ, ಅಷ್ಟೇ. ಆಮೇಲೆ ನಾನು ಕ್ರಮ ತಿರುಗಿಸಿದೆ. ಮೊದಲು ಊಹೆ, ಆಮೇಲೆ ಗೆರೆ. ಚಿತ್ರ ಮುಗಿಯುವ ಮುಂಚೆಯೇ ಮಗು ಏನೋ ಒಂದನ್ನು ಪಣ ಕಟ್ಟಿದಂತೆ ಹೇಳಿರಬೇಕು: ಎಷ್ಟು ಎಳೆ ಬರುತ್ತದೆ, ಎಷ್ಟು ಹೂ ಬೇಕಾಗುತ್ತದೆ, ಕೊನೆಯ ಗುರುತು ಮೊದಲನೆಯದಕ್ಕೆ ಸರಿಯಾಗಿ ಬಂದು ಕೂಡುತ್ತದೋ ಇಲ್ಲವೋ. ಹೇಳಿದ್ದು ತಪ್ಪಾದರೆ ಇನ್ನೂ ಒಳ್ಳೆಯದು.

ಐದನೇ ಕ್ಲಾಸಿನಿಂದ ಹತ್ತನೆಯವರೆಗಿನ ಮಕ್ಕಳಿಗೆ ಇದು ಆಗುತ್ತದೆ. ಮಕ್ಕಳು ತಾವಾಗಿಯೇ ಓದಿ ಮಾಡಬಹುದು, ಟೀಚರುಗಳು ಕ್ಲಾಸಿನಲ್ಲಿ ಮಾಡಿಸಬಹುದು.

ಏನೇನು ಬೇಕು

ಚೌಕುಳಿ ಪುಸ್ತಕ, ಪೆನ್ಸಿಲ್, ಮೂರು ಬಣ್ಣದ ಪೆನ್ನು, ಕೈವಾರ, ಹಳೆ ಪೇಪರ್, ಕತ್ತರಿ. ನೆಲದ ಮೇಲೆ ಮಾಡುವುದಾದರೆ ಸೀಮೆಸುಣ್ಣ, ರಂಗೋಲಿ ಪುಡಿ. ಇನ್ನೊಂದು ಪ್ರತ್ಯೇಕ ನೋಟ್‌ಬುಕ್ ಇರಲಿ. ಅದರಲ್ಲಿ ಪ್ರತಿ ಪುಟಕ್ಕೆ ಮೂರು ಕಾಲಂ: ಊಹೆ, ಚಿತ್ರ, ಎಣಿಕೆ. ಊಹೆಯನ್ನು ಪೆನ್ನಿನಲ್ಲೇ ಬರೆಸಿ. ಪೆನ್ಸಿಲಲ್ಲಿ ಬರೆದರೆ ಆಮೇಲೆ ಸುಮ್ನೆ ಅಳಿಸಿ ಸರಿ ಮಾಡಿಬಿಡುತ್ತಾರೆ. ಇದು ಅನುಭವದ ಮಾತು.

ಹಂತ 1: ಚುಕ್ಕಿ ಎಣಿಸಿ, ಆದರೆ ಒಂದೊಂದಾಗಿ ಅಲ್ಲ

ಇದು ಬಿಸಿ ಏರಲು ಮಾತ್ರ. ಅರ್ಧ ಪೀರಿಯಡ್ ಸಾಕು.

ರಂಗೋಲಿಗೆ ಚುಕ್ಕಿ ಇಡುವುದು ಎರಡು ರೀತಿ. ನೇರ ಚುಕ್ಕಿಯಲ್ಲಿ ಒಂದರ ಕೆಳಗೇ ಇನ್ನೊಂದು. ಸಂದು ಚುಕ್ಕಿಯಲ್ಲಿ ಎರಡು ಚುಕ್ಕಿಗಳ ನಡುವಿನ ಸಂದಿಗೆ ಕೆಳಗಿನ ಸಾಲಿನ ಚುಕ್ಕಿ ಬರುತ್ತದೆ.

ಮೊದಲು ನೇರ ಚುಕ್ಕಿಯಲ್ಲಿ 1, 3, 5, 7, 5, 3, 1 ಇಡಿ. ಒಟ್ಟು 25. ಈಗ ಚದುರಂಗದ ಹಲಗೆಯ ಹಾಗೆ ಒಂದು ಬಿಟ್ಟು ಒಂದಕ್ಕೆ ಕೆಂಪು ಹಚ್ಚಿ. ಪುಸ್ತಕವನ್ನು ಓರೆ ಮಾಡಿ ಹಿಡಿದು ನೋಡಿ. ಒಂದು ಬಣ್ಣದ್ದು 4×4 ಚೌಕ, ಇನ್ನೊಂದು 3×3 ಚೌಕ. 16 ಮತ್ತು 9. ಮಕ್ಕಳಲ್ಲಿ ಯಾರಾದರೂ "ಹೌದಲ್ವಾ!" ಅನ್ನದೆ ಇರುವುದಿಲ್ಲ. ಹಾಗಾದರೆ 1ರಿಂದ 9ರವರೆಗೆ ಏರಿ ಇಳಿದರೆ ಎಷ್ಟು? ಚುಕ್ಕಿ ಇಡದೆ ಹೇಳಿ. 25 ಮತ್ತು 16, ಸೇರಿ 41.

ಸಂದು ಚುಕ್ಕಿಯಲ್ಲಿ 7ರಿಂದ 4 ಅನ್ನುವುದು ಮನೆಗಳಲ್ಲಿ ಜಾಸ್ತಿ ಬಳಸುವ ಲೆಕ್ಕ: 4, 5, 6, 7, 6, 5, 4. ಒಟ್ಟು 37, ಷಡ್ಭುಜದ ಆಕಾರ. 4ರ ಘನ 64, 3ರ ಘನ 27, ಕಳೆದರೆ 37. ಇದು ಯಾಕೆ ಹೀಗೆ ಎಂದು ದೊಡ್ಡ ಕ್ಲಾಸಿನವರು ಯೋಚಿಸಲಿ. ಒಂದು ಸುಳಿವು: ಡಬ್ಬಗಳನ್ನು ಜೋಡಿಸಿ ಮಾಡಿದ ದೊಡ್ಡ ಘನದ ಒಂದು ಮೂಲೆಯನ್ನು ಕಣ್ಣಿನ ಎದುರಿಗೆ ಹಿಡಿದು ನೋಡಿದರೆ ಕಾಣುವುದು ಎಷ್ಟು ಡಬ್ಬ?

ಹಂತ 2: ಎಳೆ ರಂಗೋಲಿ, ಇಲ್ಲಿ ನಿಧಾನ ಮಾಡಿ

ಇಡೀ ಕೆಲಸದ ಹೃದಯ ಇದು. ಎರಡು ವಾರ ಹಿಡಿದರೂ ಪರವಾಗಿಲ್ಲ.

ಎಳೆ ರಂಗೋಲಿಯಲ್ಲಿ ಗೆರೆ ಚುಕ್ಕಿಯನ್ನು ಮುಟ್ಟುವುದಿಲ್ಲ. ಚುಕ್ಕಿಗಳನ್ನು ಬಳಸಿ, ಸುತ್ತಿ, ತನ್ನನ್ನೇ ದಾಟಿ, ಹೊರಟಲ್ಲಿಗೇ ವಾಪಸ್ ಬರುತ್ತದೆ. ಬಿಡಿಸಲು ಗೊತ್ತಿಲ್ಲದ ಮಗುವಿಗೂ ಕೈ ಹಿಡಿಯುವ ಸುಲಭ ವಿಧಾನ ಹೀಗಿದೆ.

ಚೌಕುಳಿ ಹಾಳೆಯಲ್ಲಿ 2 ಸಾಲು, ಸಾಲಿಗೆ 3ರಂತೆ ಆರು ಚುಕ್ಕಿ ಇಡಿ. ಚುಕ್ಕಿಗಳ ನಡುವೆ ಎರಡು ಬೆರಳಷ್ಟು ಜಾಗ ಬಿಡಿ. ಈಗ ಅಕ್ಕಪಕ್ಕದ ಎರಡು ಚುಕ್ಕಿಗಳ ಸರಿಯಾದ ನಡುವಿಗೆ ಒಂದು ಚಿಕ್ಕ ಗುಣಿಸು ಗುರುತು ಹಾಕಿ. ಮೇಲೆ ಕೆಳಗೆ ಇರುವ ಚುಕ್ಕಿಗಳ ನಡುವೆಯೂ ಹಾಗೆಯೇ. ಒಟ್ಟು ಏಳು ಗುಣಿಸು ಗುರುತು ಬರಬೇಕು. ಆರು ಬಂದರೆ ಎಲ್ಲೋ ಒಂದು ಬಿಟ್ಟುಹೋಗಿದೆ. ಈಗ ಪ್ರತಿ ಗುರುತಿನ ಕಾಲುಗಳನ್ನು ಎಳೆದು ಪಕ್ಕದ ಗುರುತಿನ ಕಾಲಿಗೆ ಸೇರಿಸಿ. ಅಂಚಿನಲ್ಲಿರುವ ಚುಕ್ಕಿಗೆ ಹೊರಗಿನಿಂದ ಕಮಾನು ಹಾಕಿ ಒಳಗೆ ತನ್ನಿ. ಮೂಲೆಯ ಚುಕ್ಕಿಗೆ ಮುಕ್ಕಾಲು ಸುತ್ತು. ಮುಗಿಯಿತು.

ಈಗ ಬಣ್ಣದ ಪೆನ್ನು ತೆಗೆದುಕೊಂಡು ಒಂದು ಕಡೆಯಿಂದ ಹೊರಡಿ. ಗುರುತು ಸಿಕ್ಕಲ್ಲೆಲ್ಲ ನೇರ ದಾಟಿ, ಎಲ್ಲೂ ತಿರುಗಬೇಡಿ. ಹೊರಟಲ್ಲಿಗೆ ಬಂದಾಗ ಇಡೀ ಚಿತ್ರಕ್ಕೆ ಬಣ್ಣ ಬಂದಿದೆಯಾ? 2×3ಕ್ಕೆ ಬಂದಿರುತ್ತದೆ. ಅಂದರೆ ಒಂದೇ ಎಳೆ.

ಇನ್ನು 3×3 ಮಾಡಿ. ಹನ್ನೆರಡು ಗುರುತು. ಬಣ್ಣ ಹಾಕುತ್ತಾ ಹೋದರೆ ಅರ್ಧಂಬರ್ಧಕ್ಕೇ ಹೊರಟಲ್ಲಿಗೆ ಬಂದುಬಿಡುತ್ತೀರಿ. ಉಳಿದದ್ದಕ್ಕೆ ಬೇರೆ ಬಣ್ಣ ಬೇಕು, ಆಮೇಲೆ ಇನ್ನೊಂದು. ಮೂರು ಎಳೆ.

ಈಗ ನೋಟ್‌ಬುಕ್ ತೆಗೆಸಿ. 3×4ಕ್ಕೆ ಎಷ್ಟು? ಊಹೆ ಬರೆಯಿರಿ, ಆಮೇಲೆ ಬಿಡಿಸಿ.

ನಮ್ಮ ಕ್ಲಾಸಿನಲ್ಲಿ ಏನಾಯಿತು ಅಂತ ಹೇಳುತ್ತೇನೆ, ಯಾಕೆಂದರೆ ಬಹುತೇಕ ಎಲ್ಲಾ ಕಡೆ ಹೀಗೇ ಆಗುತ್ತದೆ. ಮೊದಲ ಊಹೆ: "ಸಾಲು, ಕಂಬ ಎರಡೂ ಒಂದೇ ಸಂಖ್ಯೆ ಆದರೆ ಅಷ್ಟು ಎಳೆ, ಬೇರೆ ಆದರೆ ಒಂದೇ ಎಳೆ." 3×4ಕ್ಕೆ ಒಂದೇ ಎಳೆ ಬಂತು, ಊಹೆ ಗಟ್ಟಿಯಾಯಿತು. 2×4 ಮಾಡಿದಾಗ ಎರಡು ಎಳೆ ಬಂದು ಊಹೆ ಬಿದ್ದುಹೋಯಿತು. ಕೂಡಲೇ ಎರಡನೆಯ ಊಹೆ ಎದ್ದಿತು: "ಒಂದು ಸಮ, ಒಂದು ಬೆಸ ಇದ್ದರೆ ಒಂದೇ ಎಳೆ ಟೀಚರೇ!" 2×3 ಸರಿ, 3×4 ಸರಿ, 2×5 ಸರಿ, 4×5 ಸರಿ. ಇಡೀ ಕ್ಲಾಸಿಗೆ ಅದೇ ನಿಯಮ ಅಂತ ಆಯಿತು. ನಾನು ಬಾಯಿ ಬಿಡಲಿಲ್ಲ. ನೀವೂ ಬಿಡಬೇಡಿ. ಒಂದು ವಾರ ಆ ನಿಯಮ ಗೋಡೆಯ ಮೇಲೆಯೇ ಇರಲಿ.

ಆಮೇಲೆ 3×6 ಕೊಡಿ.

ಮೂರು ಎಳೆ ಬರುತ್ತದೆ. ಮಕ್ಕಳು ಮೊದಲು ತಮ್ಮ ಚಿತ್ರವೇ ತಪ್ಪು ಅನ್ನುತ್ತಾರೆ. ಪುನಃ ಬಿಡಿಸುತ್ತಾರೆ. ಪುನಃ ಮೂರು. ಆಗ ಕ್ಲಾಸಿನಲ್ಲಿ ಒಂದು ಬಗೆಯ ಮೌನ ಬರುತ್ತದಲ್ಲ, ಅದಕ್ಕಾಗಿಯೇ ನಾನು ಇದನ್ನು ಪ್ರತಿವರ್ಷ ಮಾಡಿಸುವುದು. 4×6ಕ್ಕೆ ಎರಡು, 6×6ಕ್ಕೆ ಆರು, 5×6ಕ್ಕೆ ಒಂದು. ಎಲ್ಲಾ ಸೇರಿಸಿ ಪಟ್ಟಿ ಮಾಡಿದಾಗ ಹಿಂದಿನ ಬೆಂಚಿನಿಂದ ಯಾರೋ ಹೇಳುತ್ತಾರೆ: "ಇದು ಮ.ಸಾ.ಅ. ಅಲ್ವಾ?"

ಹೌದು. ಸಾಲಿನ ಸಂಖ್ಯೆ, ಕಂಬದ ಸಂಖ್ಯೆ, ಎರಡರ ಮಹತ್ತಮ ಸಾಮಾನ್ಯ ಅಪವರ್ತನ ಎಷ್ಟೋ ಅಷ್ಟು ಎಳೆ. ಆರನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಮರೆತ ಮ.ಸಾ.ಅ. ನೆಲದ ಮೇಲೆ ಬಣ್ಣ ಬಣ್ಣವಾಗಿ ಕೂತಿರುತ್ತದೆ.

ಒಮ್ಮೆ ಒಬ್ಬ ಹುಡುಗಿಯ ಅಜ್ಜಿಯನ್ನು ಶಾಲೆಗೆ ಕರೆಸಿದ್ದೆವು. ದಿನಾ ಬೆಳಿಗ್ಗೆ ಅಂಗಳಕ್ಕೆ ರಂಗೋಲಿ ಹಾಕುವವರು. "ಐದಕ್ಕೆ ನಾಲ್ಕು ಕೈ ಎತ್ತದೆ ಬರ್ತದೆ ಮಾಷ್ಟ್ರೇ. ಆರಕ್ಕೆ ನಾಲ್ಕು ಬರುವುದಿಲ್ಲ, ಎರಡು ಸಲ ಹೊರಡಬೇಕು" ಅಂದರು. ಎರಡೂ ಸರಿ. ಆರಕ್ಕೆ ಒಂಬತ್ತು ಹೇಗಜ್ಜಿ ಅಂತ ಮಕ್ಕಳು ಕೇಳಿದರು. ಅಷ್ಟು ದೊಡ್ಡದು ಹಾಕಿದವರಲ್ಲ ಅವರು. ಸ್ವಲ್ಪ ಯೋಚಿಸಿ "ಅದೂ ಎರಡೇ ಇರಬೇಕು" ಅಂದರು. ಮಕ್ಕಳು ಜಗಲಿಯಲ್ಲಿ ಬಿಡಿಸಿದರು. ಮೂರು ಬಂತು. ಅಜ್ಜಿ ಬಗ್ಗಿ, ಎಳೆಯ ಮೇಲೆ ಬೆರಳು ಓಡಿಸಿ, ಮೂರೂ ಸಲ ತಾವೇ ಸುತ್ತಿ ನೋಡಿದ ಮೇಲೆಯೇ ಒಪ್ಪಿದ್ದು. ನನಗೆ ಹಿಡಿಸಿದ್ದು ಆ ಒಪ್ಪದಿರುವಿಕೆ.

ಹಂತ 3: ಸರಿ, ಆದರೆ ಯಾಕೆ?

ಇದು ಎಂಟನೇ ಕ್ಲಾಸಿನ ಮೇಲಿನವರಿಗೆ. ಚಿಕ್ಕವರು ಬಿಟ್ಟು ಮುಂದೆ ಹೋಗಬಹುದು.

ಎಳೆ ಅಂಚಿಗೆ ಬಂದು ಮುಟ್ಟಿ ತಿರುಗುವುದನ್ನು ಗಮನಿಸಿ. ಕೇರಂ ಬೋರ್ಡಿನ ಅಂಚಿಗೆ ಬಡಿದು ಬರುವ ಸ್ಟ್ರೈಕರಿನ ಹಾಗೆಯೇ. ಎಳೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡುತ್ತಾ ಇರುತ್ತದೆ. ಅದೇ ಹೊತ್ತಿಗೆ ಮೇಲಿನಿಂದ ಕೆಳಕ್ಕೂ ಓಡಾಡುತ್ತಿರುತ್ತದೆ. ಎರಡೂ ಓಡಾಟ ಒಟ್ಟಿಗೆ ಮುಗಿದಾಗ ಮಾತ್ರ ಎಳೆ ಹೊರಟಲ್ಲಿಗೆ ಸೇರುತ್ತದೆ. ಎರಡು ಬೇರೆ ಬೇರೆ ಸುತ್ತುಗಳು ಒಟ್ಟಿಗೆ ಮುಗಿಯುವುದು ಯಾವಾಗ? ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಬಂದಾಗ.

ಈಗ ಲೆಕ್ಕ. ಪ್ರತಿ ಚುಕ್ಕಿಯ ಸುತ್ತ ನಾಲ್ಕು ಓರೆ ತುಂಡುಗಳಿವೆ. 4×6ರಲ್ಲಿ 24 ಚುಕ್ಕಿ, 96 ತುಂಡು. ಒಂದು ಎಳೆ ಮುಗಿಯಲು ಬೇಕಾದದ್ದು 4ರ ಮತ್ತು 6ರ ಲ.ಸಾ.ಅ.ದ ನಾಲ್ಕು ಪಟ್ಟು, ಅಂದರೆ 12×4, 48 ತುಂಡು. 96ನ್ನು 48ರಿಂದ ಭಾಗಿಸಿ. ಎರಡು ಎಳೆ. ಗುಣಲಬ್ಧವನ್ನು ಲ.ಸಾ.ಅ.ದಿಂದ ಭಾಗಿಸಿದರೆ ಮ.ಸಾ.ಅ. ಎಂಬ ಪುಸ್ತಕದ ಸೂತ್ರ ಇದೇ. ತುಂಡುಗಳನ್ನು ಮಕ್ಕಳೇ ಪೆನ್ನಿನಲ್ಲಿ ಗುರುತು ಹಾಕಿ ಎಣಿಸಲಿ. ಎಣಿಸದೆ ಒಪ್ಪುವುದು ಬೇಡ.

ಹಂತ 4: ಗೋಡೆ ಕಟ್ಟಿ ಎಳೆ ಸೇರಿಸಿ

ಇಲ್ಲಿಂದ ಮಕ್ಕಳೇ ಕಲಾವಿದರು. 3×3ರಲ್ಲಿ ಮೂರು ಎಳೆ ಇತ್ತಲ್ಲ. ಅದನ್ನು ಒಂದೇ ಎಳೆ ಮಾಡಬೇಕು. ಎರಡು ಬೇರೆ ಬಣ್ಣದ ಎಳೆಗಳು ದಾಟುವ ಯಾವುದಾದರೂ ಒಂದು ಗುಣಿಸು ಗುರುತನ್ನು ಅಳಿಸಿ. ಅಲ್ಲಿ ಒಂದು ಚಿಕ್ಕ ಗೋಡೆ ಇದೆ ಅಂದುಕೊಳ್ಳಿ. ಎಳೆಗಳು ಈಗ ದಾಟುವಂತಿಲ್ಲ, ಗೋಡೆಯ ಎರಡೂ ಬದಿಯಲ್ಲಿ ಬಾಗಿ ತಿರುಗಬೇಕು. ಪುನಃ ಬಣ್ಣ ಹಾಕಿ ನೋಡಿ: ಎರಡು ಎಳೆ ಸೇರಿ ಒಂದಾಗಿದೆ. ಇನ್ನೊಂದು ಗೋಡೆ ಹಾಕಿದರೆ ಮೂರನೆಯದೂ ಸೇರಿತು. ಎರಡು ಗೋಡೆ ಸಾಕು. ಒಂದೇ ಗೋಡೆಯಲ್ಲಿ ಆಗುತ್ತದಾ? ಆಗುವುದಿಲ್ಲ. ಒಂದು ಗೋಡೆಯಿಂದ ಕಡಿಮೆಯಾಗುವುದು ಹೆಚ್ಚೆಂದರೆ ಒಂದು ಎಳೆ.

ಆದರೆ ಒಂದೇ ಬಣ್ಣದ ಎಳೆ ತನ್ನನ್ನೇ ದಾಟುವ ಕಡೆ ಗೋಡೆ ಹಾಕಿದರೆ ಏನಾಗುತ್ತದೆ? ಕೆಲವು ಸಲ ಎಳೆ ಎರಡಾಗಿ ಒಡೆಯುತ್ತದೆ, ಕೆಲವು ಸಲ ಒಂದಾಗಿಯೇ ಉಳಿಯುತ್ತದೆ. ಗೋಡೆ ನಿಂತಿದೆಯಾ, ಮಲಗಿದೆಯಾ, ಎಳೆ ಆ ಜಾಗಕ್ಕೆ ಯಾವ ದಿಕ್ಕಿನಿಂದ ಬಂತು ಅನ್ನುವುದರ ಮೇಲೆ ಅದು ನಿಂತಿದೆ. ಎಳೆಯ ಮೇಲೆ ಬಾಣದ ಗುರುತು ಹಾಕಿಕೊಂಡು ಮಾಡಿ ನೋಡಿ.

ಗೋಡೆಗಳನ್ನು ಎಡಬಲ ಸರಿಸಮವಾಗಿ ಇಟ್ಟರೆ ರಂಗೋಲಿ ಚಂದ ಕಾಣುತ್ತದೆ. ಇಲ್ಲಿ ಒಂದು ಎಳೆದಾಟ ಇದೆ. ಚಂದಕ್ಕಾಗಿ ಗೋಡೆಗಳನ್ನು ಜೋಡಿ ಜೋಡಿಯಾಗಿ ಇಡಬೇಕು, ಎಳೆ ಒಂದೇ ಬರಬೇಕೆಂದರೆ ಕೆಲವೊಮ್ಮೆ ಒಂಟಿ ಗೋಡೆ ಬೇಕಾಗುತ್ತದೆ. ಯಾವುದನ್ನು ಬಿಡುತ್ತೀರಿ? ನನ್ನ ಮಕ್ಕಳಲ್ಲಿ ಹೆಚ್ಚಿನವರು ಚಂದವನ್ನು ಉಳಿಸಿಕೊಂಡರು. ಒಬ್ಬಳು ಮಾತ್ರ ಒಂಟಿ ಗೋಡೆಯನ್ನು ಸರಿಯಾಗಿ ನಡುಗೆರೆಯ ಮೇಲೆ ಇಟ್ಟು ಎರಡನ್ನೂ ಗಿಟ್ಟಿಸಿದಳು. ಎಲ್ಲಾ ಕಡೆ ಅದು ನಡೆಯುವುದಿಲ್ಲ, ಅವಳ 4×6ರಲ್ಲಿ ನಡೆಯಿತು.

ಹಂತ 5: ಪೂಕಳಂ, ಮತ್ತು ಹೂ ಸಾಕಾಗದ ಕಥೆ

ಓಣಂ ಸಮಯದಲ್ಲಿ ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಕ್ಲಾಸಿಗೊಂದು ಪೂಕಳಂ, ಅಂದರೆ ಹೂವಿನ ರಂಗೋಲಿ. ಕನ್ನಡ ಮೀಡಿಯಂ, ಮಲಯಾಳಂ ಮೀಡಿಯಂ ಅನ್ನುವ ಭೇದ ಹೂವಿಗಿಲ್ಲ. ಇದಕ್ಕಿಂತ ಒಳ್ಳೆಯ ಗಣಿತದ ಕ್ಲಾಸು ವರ್ಷದಲ್ಲಿ ಇನ್ನೊಂದು ಸಿಗುವುದಿಲ್ಲ.

ಒಂದು ವರ್ಷ ನಾವು 1 ಮೀಟರ್ ತ್ರಿಜ್ಯದ ಪೂಕಳಂ ಮಾಡಲು ಹೊರಟೆವು. ನಡುವಿನಿಂದ 20 ಸೆಂಟಿಮೀಟರಿಗೊಂದು ಸುತ್ತು, ಐದು ಸುತ್ತಿಗೆ ಐದು ಬಣ್ಣ. ಬಣ್ಣಕ್ಕೆ ಒಂದು ಕಿಲೋದಂತೆ ಐದು ಕಿಲೋ ಹೂ ತಂದೆವು. ತಂದದ್ದು ನಾನೇ, ಗಣಿತ ಮಾಷ್ಟ್ರು. ಒಳಗಿನ ಸುತ್ತುಗಳು ಗಬಗಬ ತುಂಬಿದವು. ಹೊರಗಿನ ಸುತ್ತಿಗೆ ಬಂದಾಗ ಕೇಸರಿ ಚೆಂಡುಹೂ ಅರ್ಧ ದಾರಿಯಲ್ಲಿ ಮುಗಿಯಿತು. ಒಳಸುತ್ತಿನ ಬಿಳಿ ಹೂ ಮುಕ್ಕಾಲು ಕಿಲೋಗಿಂತ ಜಾಸ್ತಿ ಬುಟ್ಟಿಯಲ್ಲೇ ಉಳಿದಿತ್ತು. ಕೊನೆಗೆ ಶಾಲೆಯ ಬೇಲಿಯ ಕ್ರೋಟನ್ ಎಲೆ ಹೆಚ್ಚಿ ಹಾಕಿದೆವು. ಮಕ್ಕಳು ಇವತ್ತಿಗೂ ನೆನಪಿಸುತ್ತಾರೆ.

ಲೆಕ್ಕ ಹೀಗೆ ಆಗಬೇಕಿತ್ತು. ಒಳಗಿನ ವೃತ್ತದ ವಿಸ್ತೀರ್ಣವನ್ನು ಒಂದು ಪಾಲು ಅಂದುಕೊಳ್ಳಿ. ತ್ರಿಜ್ಯ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಾಲು, ಒಳಗಿನ ಒಂದನ್ನು ಕಳೆದರೆ ಎರಡನೆಯ ಸುತ್ತಿಗೆ 3 ಪಾಲು. ಮೂರನೆಯದಕ್ಕೆ 9ರಲ್ಲಿ 4 ಕಳೆದು 5. ಆಮೇಲೆ 7, 9. ಸುಮ್ನೆ ಬೆಸ ಸಂಖ್ಯೆಗಳು! ಒಟ್ಟು 25 ಪಾಲು. ಐದು ಕಿಲೋ ಹೂವನ್ನು ಹಾಗೆ ಹಂಚಿದರೆ ಒಳಗಿನಿಂದ ಹೊರಕ್ಕೆ 200 ಗ್ರಾಂ, 600 ಗ್ರಾಂ, 1 ಕಿಲೋ, 1 ಕಿಲೋ 400, 1 ಕಿಲೋ 800. ಹೊರಸುತ್ತಿಗೆ ನಾನು ತಂದದ್ದು ಬೇಕಾದದ್ದರ ಒಂಬತ್ತರಲ್ಲಿ ಐದು ಭಾಗ ಮಾತ್ರ. ಮಕ್ಕಳಿಗೆ ಮುಂಚೆಯೇ ಅಂದಾಜು ಮಾಡಲು ಹೇಳಿದ್ದರೆ ಅವರೇ ನನ್ನನ್ನು ತಡೆಯುತ್ತಿದ್ದರೋ ಏನೋ.

ಎಲ್ಲಾ ಬಣ್ಣ ಒಂದೇ ಅಳತೆಯಲ್ಲಿ ಕೊಂಡುಬಿಟ್ಟಿದ್ದೀರಿ ಅಂದರೆ ಸುತ್ತುಗಳನ್ನೇ ಬದಲಿಸಿ. 1 ಮೀಟರಿನ ಪೂಕಳಂಗೆ 44.7, 63.2, 77.5, 89.4, 100 ಸೆಂಟಿಮೀಟರಿನಲ್ಲಿ ವೃತ್ತ ಎಳೆದರೆ ಐದೂ ಸುತ್ತಿಗೆ ಸಮ ಹೂ. ಹೊರಗೆ ಹೋದಂತೆ ಸುತ್ತು ಸಪೂರ ಆಗುತ್ತದೆ. ನೋಡಲು ಇದೇ ಚಂದ ಅಂತ ನನ್ನ ಅಭಿಪ್ರಾಯ. ಈ ಅಳತೆಗಳು ಎಲ್ಲಿಂದ ಬಂದವು ಎಂದು ವರ್ಗಮೂಲ ಕಲಿತ ಮಕ್ಕಳು ಹುಡುಕಲಿ. ಒಂದು ಎಚ್ಚರಿಕೆ: ತುಂಬೆ ಹೂ, ಕೇಪುಳ, ಚೆಂಡುಹೂ ಒಂದೇ ತೂಕಕ್ಕೆ ಒಂದೇ ಜಾಗ ತುಂಬುವುದಿಲ್ಲ. ಒಂದು ಚದರ ಅಡಿಗೆ ಎಷ್ಟು ಗ್ರಾಂ ಹಿಡಿಯುತ್ತದೆಂದು ಪ್ರತಿ ಹೂವಿನಲ್ಲಿ ಮೊದಲೇ ಹಾಕಿ ತೂಗಿ ನೋಡಿ.

ವೃತ್ತ ಎಳೆಯಲು ಹಗ್ಗ ಬಳಸಬೇಡಿ. ತೆಂಗಿನ ನಾರಿನ ಹಗ್ಗ ಎಳೆದ ಹಾಗೆ ಉದ್ದವಾಗುತ್ತದೆ, ವೃತ್ತ ಸುತ್ತಿ ಬಂದಾಗ ತುದಿಗಳು ಕೂಡುವುದಿಲ್ಲ. ಅಡಿಕೆ ಸಲಾಕೆಯ ತೆಳ್ಳಗಿನ ತುಂಡಿಗೆ ಅಳತೆಗೆ ಸರಿಯಾಗಿ ತೂತು ಮಾಡಿ. ನಡುವಿನ ತೂತಿಗೆ ಮೊಳೆ, ಬೇಕಾದ ತೂತಿಗೆ ಸೀಮೆಸುಣ್ಣ.

ಇನ್ನು ಎಸಳು. ಆರು ಎಸಳಿಗೆ ಅದೇ ಸಲಾಕೆಯ ಅಳತೆಯಲ್ಲಿ ವೃತ್ತದ ಮೇಲೆ ಗುರುತು ಹಾಕುತ್ತಾ ಹೋಗಿ, ಆರನೆಯದು ಹೊರಟಲ್ಲಿಗೆ ಸರಿಯಾಗಿ ಬರುತ್ತದೆ. ಗುರುತುಗಳ ನಡುವನ್ನು ಅರ್ಧ ಮಾಡಿದರೆ ಹನ್ನೆರಡು. ನನ್ನ ಹುಡುಗನ ಚಾರ್ಟಿನ ಹನ್ನೆರಡು ಬಂದದ್ದು ಇಲ್ಲಿಂದ. ಎಂಟಕ್ಕೆ ವೃತ್ತಾಕಾರದ ಪೇಪರನ್ನು ಮೂರು ಸಲ ಮಡಚಿದರಾಯಿತು.

ಏಳು ಎಸಳು ಬೇಕೆಂದರೆ? ಮಕ್ಕಳು ಕೇಳಿಯೇ ಕೇಳುತ್ತಾರೆ. ಕೈವಾರ ಮತ್ತು ಅಳತೆಯಿಲ್ಲದ ಪಟ್ಟಿಯಿಂದ ವೃತ್ತವನ್ನು ಏಳು ಸಮಭಾಗ ಮಾಡಲು ಬರುವುದೇ ಇಲ್ಲ. 1796ರಲ್ಲಿ ಹದಿನೆಂಟು ವರ್ಷದ ಜರ್ಮನ್ ಹುಡುಗ ಗೌಸ್ ಹದಿನೇಳು ಭಾಗ ಮಾಡಬಹುದು ಎಂದು ತೋರಿಸಿದ. ಏಳು ಆಗುವುದಿಲ್ಲ ಎಂಬುದಕ್ಕೆ ಪೂರ್ತಿ ಸಾಧನೆ ಕೊಟ್ಟದ್ದು 1837ರಲ್ಲಿ ವಾಂಟ್ಸೆಲ್ ಎಂಬ ಫ್ರೆಂಚ್ ಗಣಿತಜ್ಞ. ಹದಿನೇಳು ಆಗುತ್ತದೆ, ಏಳು ಆಗುವುದಿಲ್ಲ. ವಿಚಿತ್ರ ಅಲ್ವಾ?

ಆದರೆ ಪೂಕಳಂಗೆ ಅಷ್ಟು ಕರಾರುವಾಕ್ಕು ಬೇಕಿಲ್ಲ. ಆರು ಗುರುತು ಹಾಕಿದ ವೃತ್ತದಲ್ಲಿ ಒಂದು ಬಿಟ್ಟು ಒಂದನ್ನು ಗೆರೆ ಎಳೆದು ಸೇರಿಸಿ. ಆ ಗೆರೆಯ ಅರ್ಧವನ್ನು ಅಳತೆಯಾಗಿ ತೆಗೆದುಕೊಂಡು ವೃತ್ತದ ಮೇಲೆ ಏಳು ಸಲ ಗುರುತು ಹಾಕಿ. ಕೊನೆಗೆ ಎಷ್ಟು ತಪ್ಪುತ್ತದೆ ಎಂದು ಮೊದಲು ಊಹಿಸಲಿ. 1 ಮೀಟರ್ ತ್ರಿಜ್ಯದ ವೃತ್ತದಲ್ಲಿ ಉಳಿಯುವ ಸಂದು ಬರೀ 1.35 ಸೆಂಟಿಮೀಟರ್. ಒಂದು ಚೆಂಡುಹೂವಿನ ನಾಲ್ಕೈದು ಎಸಳು ಹಾಕಿದರೆ ಮುಚ್ಚಿಹೋಗುತ್ತದೆ.

ಹಂತ 6: ಮಡಲು ಹೆಣೆದು ನೋಡಿ

ಇದು ಚಿಕ್ಕದು. ತೆಂಗಿನ ಮಡಲು ಹೆಣೆಯಲು ಗೊತ್ತಿರುವವರು ಊರಲ್ಲಿ ಇನ್ನೂ ಇದ್ದಾರೆ, ಕರೆಸಿ. ಆಗದಿದ್ದರೆ ಎರಡು ಬಣ್ಣದ ಪೇಪರ್ ಪಟ್ಟಿ ಸಾಕು. ಒಂದು ಮೇಲೆ ಒಂದು ಕೆಳಗೆ ಹೆಣೆದರೆ ಚದುರಂಗದ ಹಲಗೆ. ಎರಡು ಮೇಲೆ ಎರಡು ಕೆಳಗೆ, ಪ್ರತಿ ಸಾಲಿಗೆ ಒಂದು ಮನೆ ಸರಿಸಿದರೆ ಓರೆ ಗೆರೆ. ಮೇಲೆ ಬಂದರೆ 1, ಕೆಳಗೆ ಹೋದರೆ 0 ಎಂದು ಸಾಲು ಸಾಲಾಗಿ ಬರೆಯಿಸಿ. ಬರೆದದ್ದನ್ನು ಇನ್ನೊಂದು ಗುಂಪಿಗೆ ಕೊಡಿ, ಅವರು ಅದನ್ನು ನೋಡಿ ಹೆಣೆಯಲಿ. ಎರಡೂ ಒಂದೇ ಬಂದರೆ ಬರಹ ಸರಿ. ಕಾಸರಗೋಡಿನ ಕೈಮಗ್ಗದ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಮನೆಯಲ್ಲಿ ಯಾರ ಹತ್ತಿರವಾದರೂ ಆ ಸೀರೆ ಇದ್ದರೆ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ, ಮೇಲೆ ಕೆಳಗೆ ಎಣಿಸಿ.

ಇನ್ನೊಂದು. ಓರೆಯಾಗಿ ಹೆಣೆದ ಚಾಪೆಯಲ್ಲಿ ಪಟ್ಟಿ ಅಂಚಿಗೆ ಬಂದಾಗ ಮಡಚಿ ತಿರುಗುತ್ತದೆ. ಎರಡನೆಯ ಹಂತದ ಎಳೆ ನೆನಪಾಯಿತಾ?

ಹಂತ 7: ಮಧೂರಿಗೆ ಒಂದು ಬೆಳಗ್ಗೆ

ಕಾಸರಗೋಡಿನ ಹತ್ತಿರದ ಮಧೂರು ದೇವಸ್ಥಾನದ ಗರ್ಭಗುಡಿ ಗಜಪೃಷ್ಠ ಆಕಾರದ್ದು. ಹಿಂಭಾಗ ಆನೆಯ ಬೆನ್ನಿನ ಹಾಗೆ ಉರುಟು, ಮೇಲೆ ಮೂರು ಅಂತಸ್ತಿನ ಮಾಡು. ಮಕ್ಕಳನ್ನು ಹಿಂದೆ ನಿಲ್ಲಿಸಿ ಕೇಳಿ: ಮೇಲಿನಿಂದ ಹಕ್ಕಿ ನೋಡಿದರೆ ಇದರ ಆಕಾರ ಹೇಗೆ ಕಂಡೀತು? ಬಿಡಿಸಲಿ. ಒಂದು ಆಯತ, ಅದಕ್ಕೆ ಅಂಟಿಕೊಂಡ ಅರ್ಧವೃತ್ತ. ಸುತ್ತು ಬರುವಾಗ ಹೆಜ್ಜೆ ಎಣಿಸಲಿ: ನೇರ ಭಾಗಕ್ಕೆ ಎಷ್ಟು, ಉರುಟು ಭಾಗಕ್ಕೆ ಎಷ್ಟು. ಅದರಿಂದ ಅಗಲವನ್ನು ಅಂದಾಜು ಮಾಡಬಹುದು. ಉರುಟು ಭಾಗದ ಹೆಜ್ಜೆಯನ್ನು 1.57ರಿಂದ ಭಾಗಿಸಿ. ಅಳೆಯುವ ಟೇಪು ಹಿಡಿದು ಭಕ್ತರಿಗೆ ಅಡ್ಡ ನಿಲ್ಲುವುದು ಬೇಡ, ಹೆಜ್ಜೆ ಸಾಕು. ಫೋಟೋ ತೆಗೆಯುವ ಮುಂಚೆ ಕೇಳಿ.

ಹಂತ 8: ಕಿವಿಗೂ ಸ್ವಲ್ಪ ಕೆಲಸ

ಕಲೆ ಅಂದರೆ ಚಿತ್ರ ಮಾತ್ರವೇ? ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮ್ಮದೇ. ಯಕ್ಷಗಾನ ಪ್ರಸಂಗಗಳಲ್ಲಿ ಬರುವ ಭಾಮಿನಿ ಷಟ್ಪದಿಯ ಒಂದು ಪದ್ಯವನ್ನು ಕನ್ನಡ ಟೀಚರ ಹತ್ತಿರ ಬರೆಸಿಕೊಳ್ಳಿ. ಲಘು ಒಂದು ಮಾತ್ರೆ, ಗುರು ಎರಡು. 1, 2, 4, 5ನೇ ಸಾಲಿಗೆ 3, 4, 3, 4ರ ಗಣ, ಸಾಲಿಗೆ 14 ಮಾತ್ರೆ. 3 ಮತ್ತು 6ನೇ ಸಾಲಿಗೆ ಮೂರು ಸಲ 3, 4, ಕೊನೆಗೆ ಒಂದು ಗುರು, 23 ಮಾತ್ರೆ. ಒಟ್ಟು 102. ಪ್ರಸ್ತಾರ ಹಾಕಿ ಎಣಿಸಲಿ.

ಈಗ ಪ್ರಶ್ನೆ. ಮೂರು ಮಾತ್ರೆಯನ್ನು ಲಘು ಗುರುಗಳಿಂದ ಎಷ್ಟು ರೀತಿಯಲ್ಲಿ ತುಂಬಬಹುದು? ಮೂರು ರೀತಿ: ಮೂರು ಲಘು, ಲಘು ಗುರು, ಗುರು ಲಘು. ನಾಲ್ಕು ಮಾತ್ರೆಯನ್ನು? ಐದು. ಐದು ಮಾತ್ರೆಯನ್ನು? ಊಹೆ ಬರೆಯಿರಿ, ಆಮೇಲೆ ಚಪ್ಪಾಳೆ ತಟ್ಟಿ ಎಣಿಸಿ. ಎಂಟು. 1, 2, 3, 5, 8. ಹಿಂದಿನ ಎರಡನ್ನು ಕೂಡಿದರೆ ಮುಂದಿನದು, ಯಾಕೆಂದರೆ ಕೊನೆಯ ಅಕ್ಷರ ಲಘುವಾದರೆ ಒಂದು ಮಾತ್ರೆ ಹೋಯಿತು, ಗುರುವಾದರೆ ಎರಡು. ಇದನ್ನು ಲೋಕ ಫಿಬೊನಾಚಿ ಸಂಖ್ಯೆ ಅನ್ನುತ್ತದೆ. ಅವನ ಪುಸ್ತಕ 1202ರದ್ದು. ಛಂದಸ್ಸಿನ ಲೆಕ್ಕಕ್ಕಾಗಿ ವಿರಹಾಂಕ, ಆಮೇಲೆ 12ನೇ ಶತಮಾನದ ಹೇಮಚಂದ್ರ ಅದಕ್ಕೂ ಮೊದಲೇ ಇದನ್ನು ಬರೆದಿಟ್ಟಿದ್ದರು.

ಹಾಗಾದರೆ 3, 4ರ ಒಂದು ಜೋಡಿಗೆ 15 ರೀತಿ. ಆದರೆ ಪದ್ಯದಲ್ಲಿ ಹುಡುಕಿದರೆ ಅಷ್ಟು ಸಿಗುವುದಿಲ್ಲ. ಲಘುವಿನ ಹಿಂದೆಯೇ ಗುರು ಬಂದು ಶುರುವಾಗುವ ಗಣ ಷಟ್ಪದಿಯ ನಡೆಗೆ ಒಗ್ಗುವುದಿಲ್ಲ, ಓದುವಾಗ ಎಡವಿದ ಹಾಗಾಗುತ್ತದೆ. ಅದನ್ನು ತೆಗೆದರೆ ಮೂರು ಮಾತ್ರೆಗೆ ಎರಡು, ನಾಲ್ಕಕ್ಕೆ ನಾಲ್ಕು, ಒಟ್ಟು ಎಂಟೇ ರೀತಿ. ಗಣಿತ 15 ಕೊಟ್ಟಿತು, ಕಿವಿ ಏಳನ್ನು ತಳ್ಳಿಬಿಟ್ಟಿತು.

ಮೇಳಕ್ಕೆ ಒಯ್ಯುವಾಗ

ಎಂಟೂ ಹಂತ ಒಂದೇ ಚಾರ್ಟಿನಲ್ಲಿ ತುರುಕಬೇಡಿ. ಒಂದು ಪ್ರಶ್ನೆ ಆರಿಸಿಕೊಳ್ಳಿ. ಎಳೆಯ ಲೆಕ್ಕವೇ ಆದರೆ ಚಾರ್ಟಿನ ಎಡಕ್ಕೆ ಬಿದ್ದುಹೋದ ಎರಡು ಊಹೆಗಳು, ಅವನ್ನು ಬೀಳಿಸಿದ 2×4 ಮತ್ತು 3×6ರ ಚಿತ್ರ. ಬಲಕ್ಕೆ ಗೋಡೆ ಇಟ್ಟು ನೀವೇ ಮಾಡಿದ ಹೊಸ ವಿನ್ಯಾಸ. ತಪ್ಪಿದ ಊಹೆಯನ್ನು ಮುಚ್ಚಿಡಲು ಮಕ್ಕಳಿಗೆ ಆಸೆಯಾಗುತ್ತದೆ, ಬಿಡಬೇಡಿ. ಮೇಜಿನ ಮೇಲೆ ಒಂದು ಸ್ಲೇಟು, ಸೀಮೆಸುಣ್ಣ ಇಟ್ಟು, ಬಂದವರ ಹತ್ತಿರವೇ ಎರಡು ಸಂಖ್ಯೆ ಕೇಳಿ. ಎಷ್ಟು ಎಳೆ ಎಂದು ಮೊದಲು ಹೇಳಿ, ಆಮೇಲೆ ಬಿಡಿಸಿ ತೋರಿಸಿ. ತೀರ್ಪುಗಾರರು 12×18 ಅಂದರೆ ನಕ್ಕು "ಆರು" ಅನ್ನಿ, ಬಿಡಿಸಲು ಮಾತ್ರ ಹೋಗಬೇಡಿ, 402 ಗುಣಿಸು ಗುರುತು ಹಾಕಬೇಕಾಗುತ್ತದೆ.

ನೆಲದ ಮೇಲೆ ಮಾಡಿದ್ದನ್ನು ಮುಗಿದ ಕೂಡಲೇ ಫೋಟೋ ತೆಗೆದಿಡಿ, ಕುರ್ಚಿಯ ಮೇಲೆ ಹತ್ತಿ ನೇರ ಮೇಲಿನಿಂದ. ಅಕ್ಕಿ ಹಿಟ್ಟಿನದ್ದಾದರೆ ಊಟದ ಬೆಲ್ಲಿನ ಮುಂಚೆಯೇ ತೆಗೆಯಿರಿ. ನಮ್ಮ ಶಾಲೆಯ ಪಕ್ಕದ ಮನೆಯ ಕೋಳಿಗಳು ಒಂದು ಸಲ 5×6ನ್ನು ಹತ್ತು ನಿಮಿಷದಲ್ಲಿ ಮುಗಿಸಿದ್ದವು.